ಋಣವೂ ರಹಸ್ಯವೂ

ಸಾಲವು ಗೃಹಸ್ಥನ ನಿದ್ರೆಯನ್ನು ಕೆಡಿಸುವುದೆಂಬುದು ಎಲ್ಲರೂ ಬಲ್ಲ ಮಾತು. ಅದು ರಾಷ್ಟ್ರದ ನಿದ್ರೆಯನ್ನೂ ಕೆಡಿಸಬಲ್ಲುದೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ಕಾರ ಕಷ್ಟಪಟ್ಟು ಕಲಿತಿದೆ. ಅಲ್ಲಿ ಗುಪ್ತ ಕಡತಗಳನ್ನು ನೋಡಬೇಕಾದ ಹುದ್ದೆಗೆ ಸೇರುವವನು ಮೊದಲು ಭದ್ರತಾ ಪರವಾನಗಿಯನ್ನು ಪಡೆಯಬೇಕು. ಅವನ ನಡತೆ, ವ್ಯಸನ, ವಿದೇಶ ಸಂಬಂಧಗಳೊಡನೆ ಅವನ ಸಾಲದ ಲೆಕ್ಕವೂ ಆಗ ವಿಚಾರಣೆಗೆ ಬರುತ್ತದೆ. 2017ರಲ್ಲಿ ಜಾರಿಗೆ ಬಂದ 13 ಮಾರ್ಗಸೂತ್ರಗಳಲ್ಲಿ ಒಂದು ಹಣಕಾಸಿನ ವಿಚಾರಕ್ಕೇ ಮೀಸಲು.

ತೀರದ ಬಾಕಿಗೂ ರಾಜ್ಯದ ಗುಟ್ಟಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಉಂಟು. ರೊನಾಲ್ಡ್ ಪೆಲ್ಟನ್ ಎಂಬಾತ ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ದುಡಿಯುತ್ತಿದ್ದವನು. 1979ರಲ್ಲಿ ದಿವಾಳಿಯೆದ್ದ, ಕೆಲಸವನ್ನೂ ಬಿಟ್ಟ. 1980ರಲ್ಲಿ ಸೋವಿಯತ್ ರಾಯಭಾರ ಕಚೇರಿಯ ಬಾಗಿಲಿಗೆ ಹೋಗಿ ತಾನು ಬಲ್ಲ ಗುಟ್ಟುಗಳನ್ನು ಮಾರಿದ. ಗೂಢಚಾರ ಸಂಸ್ಥೆಯಾದ ಸಿ.ಐ.ಎ.ಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ವಿವಾಹ ವಿಚ್ಛೇದನದ ಖರ್ಚಿನಲ್ಲಿಯೂ ಸಾಲದಲ್ಲಿಯೂ ಸಿಕ್ಕಿ, 1985ರಲ್ಲಿ 50,000 ಡಾಲರಿಗಾಗಿ ಅದೇ ದಾರಿಯನ್ನು ಹಿಡಿದ. ಅವನು ಹೆಸರು ಹೇಳಿದ ಹಲವರು ಮಾಸ್ಕೋದಲ್ಲಿ ಪ್ರಾಣ ತೆತ್ತರು. 1989ರಲ್ಲಿ ಅವನು 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ; ಸೆರೆಯಾದದ್ದು 1994ರಲ್ಲಿ. ಆದುದರಿಂದಲೇ ಇಂದಿನ ಮಾರ್ಗಸೂತ್ರವು ತೀರದ ಸಾಲವನ್ನಷ್ಟೇ ಅಲ್ಲ, ಆದಾಯಕ್ಕೆ ಮೀರಿದ ಸಿರಿಯನ್ನೂ ಸಂದೇಹದಿಂದ ನೋಡುತ್ತದೆ.

ಹಾಗೆಂದು ಸಾಲವಿದ್ದವರೆಲ್ಲ ಅನರ್ಹರಲ್ಲ. ಮನೆಗಾಗಿಯೋ ಓದಿಗಾಗಿಯೋ ಪಡೆದು ಕ್ರಮವಾಗಿ ತೀರಿಸುತ್ತಿರುವ ಸಾಲಕ್ಕೆ ಯಾವ ದೋಷವೂ ಇಲ್ಲ. ಎಸ್.ಎಫ್. 86 ಎಂಬ ದೀರ್ಘವಾದ ಅರ್ಜಿ ನಮೂನೆಯು ಕೇಳುತ್ತ ಬಂದಿರುವುದು 120 ದಿನ ಮೀರಿದ ಬಾಕಿಯನ್ನು, ಹಿಂದಿನ ಏಳು ವರ್ಷಗಳ ದಿವಾಳಿಯನ್ನು, ಕಟ್ಟದ ತೆರಿಗೆಯನ್ನು. ಸಾಲದ ಮೊತ್ತಕ್ಕಿಂತ ಅದರ ಹುಟ್ಟು ಮುಖ್ಯ. ಕೆಲಸ ಹೋಗಿ, ಕಾಯಿಲೆ ಬಿದ್ದು, ವಿಚ್ಛೇದನವಾಗಿ ಕಷ್ಟಕ್ಕೆ ಸಿಕ್ಕವನಿಗೂ ಜೂಜಾಡಿ ಕಳೆದವನಿಗೂ ನಿಯಮವು ಭೇದವೆಣಿಸುತ್ತದೆ. ಆದರೆ ಕಷ್ಟ ಬಂದಿತೆಂದಷ್ಟೇ ಹೇಳಿದರೆ ಸಾಲದು. ಬಂದಮೇಲೆ ಆತ ಏನು ಮಾಡಿದ? ಸಾಲಿಗರೊಡನೆ ಮಾತನಾಡಿದನೆ? ಚಿಕ್ಕದಾದರೂ ಒಂದು ಕಂತನ್ನು ತಪ್ಪದೆ ಕಟ್ಟಿದನೆ? ಅದಕ್ಕೆ ರಸೀತಿಗಳುಂಟೆ? ಸಂದೇಹ ಉಳಿದಲ್ಲಿ ತೀರ್ಮಾನವು ರಾಷ್ಟ್ರದ ಪರವಾಗಿಯೇ ಹೊರತು ಅರ್ಜಿದಾರನ ಪರವಾಗಿ ಆಗುವುದಿಲ್ಲ.

ಇನ್ನು ಸಾಲಕ್ಕಿಂತ ಘೋರವಾದುದು ಸಾಲವನ್ನು ಮರೆಮಾಚುವುದು. ಮುಚ್ಚಿಟ್ಟ ಬಾಕಿ ಸಾಲದ ದಾಖಲೆಗಳಲ್ಲಿ ಹೇಗೂ ಹೊರಬೀಳುತ್ತದೆ. ಆಗ ಅದು ಹಣದ ಪ್ರಶ್ನೆಯಾಗಿ ಉಳಿಯದೆ ಸತ್ಯದ ಪ್ರಶ್ನೆಯಾಗುತ್ತದೆ. ಅರ್ಜಿಯಲ್ಲಿ ಬುದ್ಧಿಪೂರ್ವಕವಾಗಿ ಸುಳ್ಳು ಬರೆದವನಿಗೆ ಐದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದು. ಒಮ್ಮೆ ದೊರೆತ ಪರವಾನಗಿ ಶಾಶ್ವತವೂ ಅಲ್ಲ. ಈಗ ದಾಖಲೆಗಳ ಮೇಲೆ ಸತತವಾಗಿ ಕಣ್ಣಿಟ್ಟಿರುತ್ತಾರೆ. ಅದು ರದ್ದಾದರೆ ಎಷ್ಟೋ ವೇಳೆ ಹುದ್ದೆಯೂ ಹೋಗುತ್ತದೆ; ಸಾಲ ತೀರಿಸಲಿದ್ದ ಸಂಬಳವೇ ನಿಲ್ಲುತ್ತದೆ.

ಅಮೆರಿಕದ ಪೌರತ್ವ ಪಡೆದು ಅಂಥ ಕೆಲಸಗಳನ್ನು ಬಯಸುವ ನಮ್ಮವರ ಮಕ್ಕಳು ಇದನ್ನು ತಿಳಿದಿರುವುದು ಲೇಸು. ಸಾಲಗಾರನ ಅಭಿಮಾನ ಬಲು ಸೂಕ್ಷ್ಮವಾದುದು; ಬಂದ ನೋಟೀಸುಗಳನ್ನು ಒಡೆಯದೆ ಮೇಜಿನೊಳಗೆ ತಳ್ಳುವಂತೆ ಅದು ಪ್ರೇರಿಸುತ್ತದೆ. ಗುಟ್ಟನ್ನು ಕೊಳ್ಳಬಂದವನು ಹುಡುಕುವುದು ಅಂಥ ಮೇಜನ್ನೇ. ಲಕೋಟೆಯನ್ನು ಒಡೆದು, ಇದ್ದುದನ್ನು ಇದ್ದಂತೆ ಬರೆದುಕೊಟ್ಟವನ ಬಳಿ ಅವನಿಗೆ ವ್ಯಾಪಾರವಿಲ್ಲ.