ಜಿಲೇಬಿ ತಿಂದಾದ ಮೇಲೆ ಒಂದು ಪುಟ ಓದಿಸೋಣ

ಜನವರಿ 26ರಂದು ಅಕ್ಕಲಕೋಟದಲ್ಲಿ ಬೆಳಗು ಬೇಗ ಆಗುತ್ತದೆ. ಸಾಲಿ ಹುಡುಗರು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಪ್ರಭಾತ ಫೇರಿಗೆ ಹೊರಡ್ತಾರೆ. ಹೋಟೆಲಿನವರು ಅಂಗಡಿ ಮುಂದೆಯೇ ಕಡಾಯಿ ಇಟ್ಟು ಜಿಲೇಬಿ ಕರೀತಾರೆ. ಝೆಂಡಾ ವಂದನ ಮುಗಿಸಿ ಬರುವವರ ಕೈಯಲ್ಲಿ ಜಿಲೇಬಿ ಪೊಟ್ಟಣ ಇರಲೇಬೇಕು. ಪುಣೆ, ಸೊಲ್ಲಾಪುರ, ಬೆಂಗಳೂರಿಗೆ ದುಡಿಯಲು ಹೋದ ನಾವೂ ಹಿಂದಿನ ರಾತ್ರಿಯ ಬಸ್ಸಿಗೆ ಊರು ಸೇರಿರ್ತೀವಿ. ಸಂಕ್ರಾಂತಿಗೆ ರಜೆ ಸಿಗದಿದ್ದರೂ ಈ ದಿನ ಸಿಕ್ಕೇ ಸಿಗುತ್ತದೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ. ಮುತ್ಯಾ, ಆಯಿ, ಕಾಕಾ, ಮೊಮ್ಮಕ್ಕಳು, ಎಲ್ಲರೂ ಒಂದೇ ಪಡಸಾಲೆಯಲ್ಲಿ.

ಅಂಥ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಆದದ್ದು ಹೇಳ್ತೀವಿ. ಪುಣೆಯಿಂದ ಬಂದಿದ್ದ ಅಣ್ಣನ ಮಗಳು ತನ್ನ ಶಾಲೆಯ ಭಾಷಣವನ್ನು ಇಂಗ್ಲಿಷಿನಲ್ಲಿ ಚಂದಾಗಿ ಒಪ್ಪಿಸಿದಳು. ಎಲ್ಲರೂ ಚಪ್ಪಾಳೆ ಹೊಡೆದೆವು. ಆಯಿ ಕೇಳಿದಳು: "ಭಾಳ ಚಲೋ ಅಂದಿ ನೋಡವ್ವಾ. ಈಗ ಅದನ್ನ ನನಗ ತಿಳಿಯೂ ಹಂಗ ಹೇಳು." ಹುಡುಗಿ ಅಪ್ಪನ ಮುಖ ನೋಡಿದಳು. ಕಪಾಟಿನಲ್ಲಿದ್ದ ಹಳೆಯ ಕನ್ನಡ ಪುಸ್ತಕ ತೆಗೆದು ಕೊಟ್ಟರೆ, "ಮಲಾ ಕನ್ನಡ ವಾಚತಾ ಯೇತ್ ನಾಹಿ" ಅಂದಳು. ಯಾರೂ ಬೈಯಲಿಲ್ಲ. ಆದರೆ ಅಣ್ಣ ಆಮೇಲೆ ಜಿಲೇಬಿ ಮುಟ್ಟಲಿಲ್ಲ.

ಗೆಳೆಯರೇ, ಆ ಹುಡುಗಿಯದು ತಪ್ಪಲ್ಲ. ನಾವು ಕಲಿಸಲಿಲ್ಲ, ಅಷ್ಟೇ.

1950ರ ಈ ದಿನ ಸಂವಿಧಾನ ಜಾರಿಗೆ ಬಂತು. ಅದರಲ್ಲಿ ನಮ್ಮಂಥವರಿಗೂ ಜಾಗ ಇದೆ. ತನ್ನದೇ ಭಾಷೆ, ಲಿಪಿ ಇರುವ ಜನ ಅದನ್ನು ಉಳಿಸಿಕೊಳ್ಳಬಹುದು ಅನ್ನುತ್ತದೆ 29ನೇ ವಿಧಿ. ಭಾಷಾ ಅಲ್ಪಸಂಖ್ಯಾತರು ತಮ್ಮದೇ ಶಾಲೆ ನಡೆಸಬಹುದು ಅನ್ನುತ್ತದೆ 30ನೇ ವಿಧಿ. ರಾಜ್ಯಗಳ ಗಡಿ ಹೊಸದಾಗಿ ಬಿದ್ದ 1956ರಲ್ಲೇ 350ಎ ಸೇರಿತು: ಪ್ರಾಥಮಿಕ ಹಂತದಲ್ಲಿ ಮಗುವಿಗೆ ತಾಯ್ನುಡಿಯಲ್ಲಿ ಕಲಿಯಲು ತಕ್ಕ ಸೌಲಭ್ಯ ಕೊಡಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕು. ಅಂದರೆ ಕನ್ನಡ ಸಾಲಿ ಕೇಳುವುದು ಭಿಕ್ಷೆಯಲ್ಲ, ನೆರೆಯ ಮರಾಠಿ ಮಂದಿ ಜೋಡಿ ಜಗಳವೂ ಅಲ್ಲ. ಬೆಳಿಗ್ಗೆ ಯಾವ ಧ್ವಜಕ್ಕೆ ವಂದಿಸಿದೆವೋ ಆ ಗಣರಾಜ್ಯವೇ ಕೊಟ್ಟ ಮಾತು ಅದು.

ಆದರೆ ಆ ಮಾತು ನಡೆಯಬೇಕಾದರೆ ಮಕ್ಕಳು ಬೇಕು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಲೆಕ್ಕ ಒಪ್ಪಿಕೊಂಡರು: ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಗೆ ಶಿಕ್ಷಕರನ್ನು ಕೊಡಬೇಕು. ಆ 10 ಮಕ್ಕಳು ಎಲ್ಲಿಂದ ಬರಬೇಕು? ನಮ್ಮ ಪಡಸಾಲೆಗಳಿಂದಲೇ ಅಲ್ಲವೇ? ಶಾಲೆ ಮುಚ್ಚಿದ ಮೇಲೆ ಸರ್ಕಾರವನ್ನು ಬೈಯುತ್ತೇವೆ. ಬೈಯಬೇಕಾದಲ್ಲಿ ಬೈಯೋಣ. ಆದರೆ ಜೂನ್ ತಿಂಗಳ ದಾಖಲಾತಿ ನಿರ್ಧಾರ ಆಗುವುದು ಮಂತ್ರಾಲಯದಲ್ಲಲ್ಲ. ಮನೆಮಂದಿ ಎಲ್ಲ ಕೂಡುವ ಇಂಥದ್ದೇ ದಿನ, ಜಿಲೇಬಿ ತಿನ್ನುತ್ತ ಮಾತಾಡುವಾಗ.

"ಕನ್ನಡ ಸಾಲಿಗೆ ಹಾಕಿದರ ನೌಕರಿ ಯಾರ್ ಕೊಡ್ತಾರ?" ಅಂತ ಕಾಕಾ ಕೇಳ್ತಾರೆ. ಆ ಚಿಂತೆ ಸುಳ್ಳಲ್ಲ, ಅದನ್ನು ನಕ್ಕು ತಳ್ಳಬಾರದು. ಆದರೆ ಮಹಾರಾಷ್ಟ್ರದ ಕನ್ನಡ ಸಾಲಿಯಲ್ಲಿ ಇಂಗ್ಲಿಷ್ ಒಂದನೇ ಇಯತ್ತೆಯಿಂದಲೇ ಇದೆ. ಮರಾಠಿಯೂ ಕಡ್ಡಾಯ. ಅಲ್ಲಿ ಓದಿದ ಮಗುವಿಗೆ ಎರಡು ಭಾಷೆ ಜಾಸ್ತಿ ಬರುತ್ತವೆಯೇ ಹೊರತು ಒಂದೂ ಕಡಿಮೆಯಾಗುವುದಿಲ್ಲ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ, ಪುಣೆಯಂಥ ಊರಲ್ಲಿ ಕನ್ನಡ ಸಾಲಿ ಹತ್ತಿರ ಇಲ್ಲದಿದ್ದರೆ, ಮನೆಯಲ್ಲಿ ಅಕ್ಷರ ಕಲಿಸಲು ಯಾರ ಅಪ್ಪಣೆ ಬೇಕು?

ಅದಕ್ಕೇ ನಾವು ಒಂದು ಸಣ್ಣ ರೂಢಿ ಮಾಡಿಕೊಂಡಿದ್ದೇವೆ. ಬಾಲಭಾರತಿಯ ಕನ್ನಡ ಪುಸ್ತಕದ ಮೊದಲ ಪುಟಗಳಲ್ಲೇ ಸಂವಿಧಾನದ ಪೀಠಿಕೆ ಕನ್ನಡದಲ್ಲಿ ಅಚ್ಚಾಗಿರುತ್ತದೆ. ಊಟ ಆದ ಮೇಲೆ ಮನೆಯ ಮಕ್ಕಳು ಅದನ್ನು ಗಟ್ಟಿಯಾಗಿ ಓದಬೇಕು, ಹಿರಿಯರು ಕೇಳಬೇಕು. ಓದಲು ಬಾರದವರಿಗೆ ಪಕ್ಕದಲ್ಲಿ ಕೂತು ನಾವು ಹೇಳಿಕೊಡಬೇಕು. ಕಾಸರಗೋಡು, ತಾಳವಾಡಿ, ಮಡಕಶಿರಾ ಕಡೆಯ ಗೆಳೆಯರೇ, ನಿಮ್ಮ ಪುಸ್ತಕ ಬೇರೆ ಇರಬಹುದು, ಪೀಠಿಕೆ ಅದೇ.

ಅಣ್ಣನ ಮಗಳು ಈಗ ಫೋನಿನಲ್ಲಿ ಆಯಿಯ ಹತ್ತಿರ ದಿನಕ್ಕೊಂದು ಅಕ್ಷರ ಕಲೀತಿದ್ದಾಳೆ. ಒತ್ತಕ್ಷರ ಇನ್ನೂ ತಪ್ಪುತ್ತವೆ. ಮುಂದಿನ ಜನವರಿ 26ಕ್ಕೆ ಆ ಪುಟ ಅವಳೇ ಓದಬೇಕು ಅಂತ ಆಯಿ ಹಟ ಹಿಡಿದಿದ್ದಾಳೆ.

ನಿಮ್ಮ ಮನೆಯಲ್ಲಿ ಯಾರು ಓದ್ತಾರೆ?