ವಾರಕ್ಕೆ ಆರು ಗಂಟೆ ನಿಮ್ಮದಾಗಿರಲಿ

‘ಮಗಳು ಸ್ಕೂಲಿಗೆ, ಇವರು ಆಫೀಸಿಗೆ ಹೋದ ಮೇಲೆ ಇಡೀ ದಿನ ಖಾಲಿ ತಾನೇ? ಆರಾಮಾಗಿ ಕಲೀಬಹುದು...’

ಎರಡು ವರ್ಷದ ಹಿಂದೆ ವೆಬ್ ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರುವಾಗ ನಾನೂ ಹೀಗೇ ಅಂದುಕೊಂಡಿದ್ದೆ. ಓದಿದ್ದು ಬಿ.ಎ. ಕಂಪ್ಯೂಟರ್‌ನಲ್ಲಿ ಲೇಖನ ಟೈಪ್ ಮಾಡಿ ಇ-ಮೇಲ್ ಕಳಿಸುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಆದರೂ ಚೀಟಿ ಎತ್ತಿದ ದುಡ್ಡಿನಲ್ಲಿ ಫೀಸು ಕಟ್ಟಿ, ಹೊಸ ನೋಟ್‌ಬುಕ್ಕಿಗೆ ಅರಿಶಿನ ಕುಂಕುಮ ಹಚ್ಚಿ ಶುರು ಮಾಡಿದೆ. ಮೊದಲ ವಾರ ದಿನಕ್ಕೆ ಮೂರು ಗಂಟೆ ಕೂತೆ. ಎರಡನೇ ವಾರ ಕೆಲಸದಾಕೆ ನಾಲ್ಕು ದಿನ ಬರಲಿಲ್ಲ. ಮೂರನೇ ವಾರ ಊರಿಂದ ನೆಂಟರು ಬಂದರು. ನಾಲ್ಕನೇ ವಾರ ಲ್ಯಾಪ್‌ಟಾಪ್ ತೆರೆದರೆ ಹದಿನೈದು ಪಾಠ ಬಾಕಿ! ನೋಡಿಯೇ ಸುಸ್ತಾಗಿ ಮುಚ್ಚಿಟ್ಟೆ.

‘ಏನಮ್ಮಾ, ನಿನ್ನ ಕ್ಲಾಸು ಮುಗೀತಾ?’ ಅಂತ ಅತ್ತೆ ಅಕ್ಕರೆಯಿಂದಲೇ ಕೇಳಿದರು. ಉತ್ತರ ಕೊಡಲಾಗದೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ. ದುಡ್ಡು ಹೋಗಿದ್ದಕ್ಕಿಂತ ‘ನನ್ನ ಕೈಲಿ ಆಗಲ್ಲ’ ಅನ್ನುವ ಭಾವನೆ ಮನಸ್ಸಿನಲ್ಲಿ ಕೂತುಬಿಟ್ಟಿತಲ್ಲ, ಅದೇ ದೊಡ್ಡ ನಷ್ಟ.

ಆಮೇಲೆ ಯೋಚಿಸಿದಾಗ ಗೊತ್ತಾಯಿತು, ಪಾಠ ಕಷ್ಟ ಅಂತ ನಾನು ಬಿಟ್ಟಿರಲಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಉಳಿದ ಟೈಮಲ್ಲಿ ಓದೋಣ ಅಂದುಕೊಂಡಿದ್ದೇ ತಪ್ಪಾಗಿತ್ತು. ಗೃಹಿಣಿಯ ದಿನದಲ್ಲಿ ಕೆಲಸ ಮುಗಿಯುವುದೆಲ್ಲಿ, ಟೈಮ್ ಉಳಿಯುವುದೆಲ್ಲಿ ಹೇಳಿ? ಓದಿಗೆ ಮೊದಲೇ ಜಾಗ ಕಾದಿರಿಸಬೇಕು. ಎರಡನೇ ಸಲ ಹಾಗೆ ಮಾಡಿದ್ದಕ್ಕೇ ಕೋರ್ಸು ಮುಗಿಯಿತು. ಇಂಥದೊಂದು ಕೋರ್ಸಿಗೆ ಸೇರುವ ಆಸೆ ನಿಮಗೂ ಇದ್ದರೆ, ನಾನು ಕಲಿತದ್ದನ್ನು ಇಲ್ಲಿ ಹೇಳಿದ್ದೇನೆ.

ಮೊದಲು ನಿಮ್ಮ ವಾರವನ್ನು ನೋಡಿ

ಕೋರ್ಸಿಗೆ ಸೇರುವ ಮುಂಚೆ ಒಂದು ವಾರ ಹಾಲಿನ ಲೆಕ್ಕ ಬರೆದಂತೆ ನಿಮ್ಮ ಸಮಯದ ಲೆಕ್ಕ ಬರೆಯಿರಿ. ನೀರು ಬರುವ ದಿನ ಯಾವುದು, ಯಾವ ಹೊತ್ತಿಗೆ ಕರೆಂಟ್ ಹೋಗುತ್ತದೆ, ಮಗುವಿನ ಟ್ಯೂಷನ್ ಯಾವಾಗ, ಎಲ್ಲವೂ ಇರಲಿ. ಮುಖ್ಯವಾಗಿ, ಮನೆಯಲ್ಲಿರುವ ಒಂದೇ ಲ್ಯಾಪ್‌ಟಾಪ್ ಯಾವ ಹೊತ್ತಿನಲ್ಲಿ ನಿಮ್ಮ ಕೈಗೆ ಸಿಗುತ್ತದೆ? ಯಜಮಾನರು ಅದನ್ನು ಆಫೀಸಿಗೆ ಒಯ್ಯುವುದಾದರೆ ನಿಮ್ಮ ಬೆಳಗಿನ ಬಿಡುವು ಉಪಯೋಗಕ್ಕೆ ಬಾರದು. ಮೊಬೈಲ್‌ನಲ್ಲಿ ಪಾಠ ನೋಡಬಹುದು. ಆದರೆ ಕೋಡ್ ಬರೆದು ಅಭ್ಯಾಸ ಮಾಡಲು ಕೀಬೋರ್ಡ್ ಬೇಕೇ ಬೇಕು.

ಹೊಸ ಲ್ಯಾಪ್‌ಟಾಪೇ ಆಗಬೇಕೆಂದಿಲ್ಲ. ಪುಟ ಕಟ್ಟುವ ಆರಂಭದ ಪಾಠಗಳಿಗೆ ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು. ಬರೆದ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ನೋಡಲು ಇಂಟರ್‌ನೆಟ್ ಕೂಡ ಬೇಡ. ಹಾಗಾಗಿ ನೆಟ್ ಹೋದ ದಿನವೂ ಅಭ್ಯಾಸ ನಿಲ್ಲಿಸಬೇಕಿಲ್ಲ.

ಆರು ಗಂಟೆಯ ಲೆಕ್ಕ

ಹೊಸಬರಿಗೆ ವಾರಕ್ಕೆ ಆರು ಗಂಟೆ ಹಿಡಿತದಲ್ಲಿರುವ ಲೆಕ್ಕ. ನಾನು ಹಂಚಿಕೊಂಡಿದ್ದು ಹೀಗೆ:

ಸೋಮವಾರ: 1 ಗಂಟೆ, ಹೊಸ ಪಾಠ.

ಮಂಗಳವಾರ: 1 ಗಂಟೆ, ಅದೇ ಪಾಠದ ಕೋಡನ್ನು ಸ್ವತಃ ಟೈಪ್ ಮಾಡುವುದು.

ಬುಧವಾರ: 1 ಗಂಟೆ, ಮುಂದಿನ ಪಾಠ.

ಗುರುವಾರ: 1 ಗಂಟೆ, ವಾರದ ಎರಡೂ ಪಾಠವನ್ನು ನೋಡದೆ ಬರೆಯುವುದು.

ಶುಕ್ರವಾರ: ಖಾಲಿ.

ಶನಿವಾರ: 2 ಗಂಟೆ, ಕಲಿತದ್ದನ್ನು ಬಳಸಿ ನಮ್ಮದೇ ಒಂದು ಪುಟ.

ಭಾನುವಾರ: ಓದಿಲ್ಲ. ರಾತ್ರಿ ಹತ್ತು ನಿಮಿಷ ಮುಂದಿನ ವಾರದ ಪಟ್ಟಿ ಬರೆಯುವುದು.

ಶುಕ್ರವಾರ ಯಾಕೆ ಖಾಲಿ ಅಂತೀರಾ? ನಮ್ಮ ಮನೆಗಳಲ್ಲಿ ವಾರಕ್ಕೊಂದು ದಿನವಾದರೂ ಏನಾದರೂ ಎಡವಟ್ಟು ಆಗಿಯೇ ಆಗುತ್ತದೆ. ಮಗುವಿಗೆ ಜ್ವರ, ಗ್ಯಾಸ್ ಖಾಲಿ, ಹೇಳದೆ ಬಂದ ಅತಿಥಿ... ತಪ್ಪಿದ ಗಂಟೆಯನ್ನು ತುಂಬಿಕೊಳ್ಳಲು ಒಂದು ದಿನ ಮೊದಲೇ ಬಿಟ್ಟಿಟ್ಟರೆ ಪಾಠ ಗುಡ್ಡೆ ಬೀಳುವುದಿಲ್ಲ. ಏನೂ ತಪ್ಪದಿದ್ದರೆ ಆ ದಿನ ನಿಮಗೆ ರಜೆ!

ಆರೂ ಗಂಟೆ ಭಾನುವಾರ ಒಟ್ಟಿಗೆ ಕೂರುತ್ತೇನೆ ಅನ್ನುವವರಿದ್ದಾರೆ. ಬೇಡ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ತಿರುವಿ ಹಾಕಿದ್ದು ಹೆಚ್ಚು ಕಾಲ ನಿಲ್ಲುತ್ತದೆ.

ಒಂದು ಗಂಟೆ ಒಂದೇ ಸಮನೆ ಕೂರಲು ಆಗದಿದ್ದರೆ 25 ನಿಮಿಷ ಓದಿ, 5 ನಿಮಿಷ ಎದ್ದು ಓಡಾಡಿ, ಮತ್ತೆ 25 ನಿಮಿಷ ಕೂರಿ. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಈ ಪದ್ಧತಿ ಶುರು ಮಾಡಿದರು. ಅಡುಗೆಮನೆಯ ವಸ್ತುವೇ ಆದ್ದರಿಂದ ನಮಗೆ ಹೊಸದೇನಲ್ಲ ಬಿಡಿ! ಆದರೆ ಆ 25 ನಿಮಿಷ ಒಲೆಯ ಮೇಲೆ ಏನೂ ಇರಬಾರದು. ಹಾಲು ಇಟ್ಟು ಕೋಡ್ ಬರೆಯಲು ಕೂತು ಎರಡು ಸಲ ಪಾತ್ರೆ ಸೀಯಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ಮೂರು ತಿಂಗಳ ಹಂಚಿಕೆ

ವೆಬ್ ಪುಟಕ್ಕೆ ಮೂರು ವಿದ್ಯೆ ಬೇಕು. ಎಚ್‌ಟಿಎಂಎಲ್ ಅಂದರೆ ಮನೆಯ ಗೋಡೆ, ಕಂಬ. ಸಿಎಸ್‌ಎಸ್ ಅಂದರೆ ಬಣ್ಣ, ಪರದೆ, ಸಾಮಾನು ಜೋಡಿಸುವ ಒಪ್ಪ. ಜಾವಾಸ್ಕ್ರಿಪ್ಟ್ ಅಂದರೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುವ ವ್ಯವಸ್ಥೆ. ಹನ್ನೆರಡು ವಾರ ಇದೆ ಎಂದುಕೊಂಡರೆ ಮೊದಲ ಮೂರು ವಾರ ಎಚ್‌ಟಿಎಂಎಲ್, ನಂತರದ ಮೂರು ವಾರ ಸಿಎಸ್‌ಎಸ್ ಇಟ್ಟುಕೊಳ್ಳಿ. ಏಳನೇ ವಾರ ಹೊಸ ಪಾಠ ಬೇಡ, ಹಳೆಯದನ್ನೇ ಗಟ್ಟಿ ಮಾಡಿ. ಎಂಟರಿಂದ ಹನ್ನೊಂದನೇ ವಾರ ಜಾವಾಸ್ಕ್ರಿಪ್ಟ್. ಕೊನೆಯ ವಾರ ನಿಮ್ಮ ಪುಟ ಮುಗಿಸಿ ನೆಟ್‌ಗೆ ಏರಿಸಲು. ಗಿಟ್‌ಹಬ್ ಪೇಜಸ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಮೊದಲ ರೂಪಕ್ಕೆ ತಂದರಂತೆ. ನಮಗೆ ಮಾತ್ರ ಅದರ ಬಾಗಿಲು ದಾಟುವುದಕ್ಕೇ ನಾಲ್ಕು ವಾರ ಬೇಕು. ಬಹಳ ಜನ ಕೈಬಿಡುವುದು ಅಲ್ಲೇ. ಆದ್ದರಿಂದ ಆ ನಾಲ್ಕು ವಾರ ಮಕ್ಕಳ ಪರೀಕ್ಷೆಗೋ ನವರಾತ್ರಿಗೋ ಬೀಳದಂತೆ ಕ್ಯಾಲೆಂಡರ್ ನೋಡಿಯೇ ಕೋರ್ಸ್ ಶುರು ಮಾಡಿ. ಇನ್ನೊಂದು ಮಾತು, ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ. ಹೆಸರು ನೋಡಿ ಮೋಸ ಹೋಗಬೇಡಿ.

ನೋಡಿದ್ದು ಕಲಿತಂತಲ್ಲ

ಟಿವಿಯಲ್ಲಿ ಹೋಳಿಗೆ ಮಾಡುವುದನ್ನು ನೂರು ಸಲ ನೋಡಿದರೂ ಕೈಗೆ ಹದ ಬರುವುದಿಲ್ಲ. ಕೋಡ್ ಕೂಡ ಹಾಗೆಯೇ. ಅದಕ್ಕೇ ನೋಡುವುದಕ್ಕೆ ಎರಡು ಗಂಟೆ, ಬರೆಯುವುದಕ್ಕೆ ನಾಲ್ಕು ಗಂಟೆ. ಬರೆದಾಗ ತಪ್ಪುಗಳು ಬರಲಿ. ಫೈಲನ್ನು ಎಚ್‌ಟಿಎಂಎಲ್ ಎಂದು ಉಳಿಸದೆ ಟೆಕ್ಸ್ಟ್ ಎಂದು ಉಳಿಸುವುದು, ತೆರೆದ ಟ್ಯಾಗ್ ಮುಚ್ಚಲು ಮರೆಯುವುದು, ಸೇವ್ ಮಾಡದೆ ಬ್ರೌಸರ್ ನೋಡಿ ‘ಏನೂ ಬದಲಾಗಿಲ್ವಲ್ಲಾ’ ಅಂತ ಗಾಬರಿಯಾಗುವುದು... ನಾನು ಎಲ್ಲವನ್ನೂ ಮಾಡಿದ್ದೇನೆ. ಆದ ತಪ್ಪು ಮತ್ತು ಸರಿಹೋದ ಬಗೆ ಎರಡನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಕೊನೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಪುಟವೇ.

‘ಈಗ ಎಐ ಎಲ್ಲಾ ಬರೆದುಕೊಡತ್ತೆ, ನೀನ್ಯಾಕೆ ಕಷ್ಟಪಡ್ತೀಯಾ?’ ಅನ್ನುವವರೂ ಸಿಗುತ್ತಾರೆ. ನಿಜ, ಬರೆದುಕೊಡುತ್ತದೆ. ಅದು ಬರೆದದ್ದು ಸರಿಯೋ ತಪ್ಪೋ ನೋಡಲು ನಮಗೆ ತಿಳಿದಿರಬೇಕಲ್ಲ? ಕಲಿಯುವಾಗ ‘ಇದು ಯಾಕೆ ಹೀಗೆ?’ ಎಂದು ವಿವರಣೆ ಕೇಳಿ. ಅಭ್ಯಾಸವನ್ನು ಮಾತ್ರ ಅದರ ಕೈಲಿ ಮಾಡಿಸಬೇಡಿ.

ಫೀಸು ಕಟ್ಟುವ ಮುಂಚೆ

ಸಾವಿರಾರು ರೂಪಾಯಿ ಕಟ್ಟುವ ಮೊದಲು ಎರಡು ವಾರ ಉಚಿತ ಪಾಠಗಳಲ್ಲಿ ಈ ವೇಳಾಪಟ್ಟಿಯನ್ನು ಪರೀಕ್ಷಿಸಿ. 2014ರಿಂದ ಇರುವ ಫ್ರೀಕೋಡ್‌ಕ್ಯಾಂಪ್, ಮೊಜಿಲ್ಲಾದವರ ಎಂಡಿಎನ್ ಎರಡೂ ಉಚಿತ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ನಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯಲು ಮಾತ್ರ ಶುಲ್ಕ. ‘ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಅನ್ನುವ ಜಾಹೀರಾತು ನಂಬಿ ಒಡವೆ ಅಡ ಇಡಬೇಡಿ. ಮೂರು ತಿಂಗಳಲ್ಲಿ ಸಿಗುವುದು ಒಳ್ಳೆಯ ಆರಂಭ, ಕೆಲಸಕ್ಕೆ ಇನ್ನೂ ಅಭ್ಯಾಸ ಬೇಕು.

ಮನೆಯವರಿಗೆ ಹೇಳಿ

ಕೊನೆಯ ಮಾತೇ ಮುಖ್ಯವಾದದ್ದು. ವೇಳಾಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಿ, ಫ್ರಿಜ್ ಮೇಲೆ ಅಂಟಿಸಿ. ‘ಸಂಜೆ ಏಳರಿಂದ ಎಂಟು ನನ್ನ ಓದು, ಲ್ಯಾಪ್‌ಟಾಪ್ ನನಗೆ ಬೇಕು’ ಅಂತ ನಗುನಗುತ್ತಲೇ, ಸ್ಪಷ್ಟವಾಗಿ ಹೇಳಿ. ನಾನು ಹೇಳಿದ ಮೊದಲ ದಿನ ಮೂರು ಸಲ ಕರೆ ಬಂತು. ‘ಸಾಕ್ಸ್ ಎಲ್ಲಿ?’, ‘ಅಮ್ಮಾ, ಹಸಿವು’, ‘ರಿಮೋಟ್ ನೋಡಿದ್ಯಾ?’ ಎರಡು ವಾರದಲ್ಲಿ ಸಾಕ್ಸ್ ಹುಡುಕಿಕೊಳ್ಳುವುದು ಅವರಿಗೇ ಅಭ್ಯಾಸವಾಯಿತು. ಮಗಳ ಪರೀಕ್ಷೆಗೆ ಟಿವಿ ಆರಿಸುತ್ತೇವೆ. ಅಮ್ಮನ ಓದಿಗೂ ಅಷ್ಟು ಮರ್ಯಾದೆ ಸಿಗಬೇಡವೇ?

ನನ್ನ ಶನಿವಾರದ ಪುಟ ಯಾವುದು ಗೊತ್ತೇ? ಅತ್ತೆಯ ಸಾರಿನ ಪುಡಿ. ಮೊದಲ ಸಲ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಬಂದವು. ಪುಟದ ತಲೆಭಾಗದಲ್ಲಿ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದ ಮೇಲೆ ಅಕ್ಷರ ಸರಿಯಾದವು. ಹನ್ನೆರಡನೇ ವಾರ ಅದನ್ನು ಮೊಬೈಲ್‌ನಲ್ಲಿ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಚೆನ್ನಾಗಿದೆ ಕಣಮ್ಮಾ. ಆದ್ರೆ ಇಂಗು ಬಿಟ್ಟಿದ್ದೀಯಲ್ಲ!’ ಅಂದರು. ಎರಡು ನಿಮಿಷದಲ್ಲಿ ಸೇರಿಸಿದೆ, ಯಾರ ಸಹಾಯವೂ ಇಲ್ಲದೆ.

ಈ ಭಾನುವಾರ ರಾತ್ರಿ ಊಟವಾದ ಮೇಲೆ ನೀವೂ ಒಂದು ಹಾಳೆ, ಪೆನ್ನು ಹಿಡಿದು ಕೂರಿ. ವಾರದಲ್ಲಿ ಆರು ಗಂಟೆಗೆ ಗುರುತು ಹಾಕಿ. ಆರು ಆಗದಿದ್ದರೆ ನಾಲ್ಕು ಇರಲಿ, ಕೋರ್ಸು ಒಂದೂವರೆ ತಿಂಗಳು ತಡವಾಗಿ ಮುಗಿದರೂ ಪರವಾಗಿಲ್ಲ. ಆದರೆ ಗುರುತು ಹಾಕಿದ ಗಂಟೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ.