ಕಾಯುತ್ತ ಕೂರಬೇಡಿ, ಕಲಿಸುತ್ತ ಹೋಗಿ

“ಮಗನಿಗೆ ಮೂರು ತುಂಬಿತು. ಇನ್ನೂ ಅಮ್ಮ ಅನ್ನುತ್ತಿಲ್ಲ. ನಮ್ಮತ್ತೆ ಮಾತ್ರ, ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ನೀನು ಸುಮ್ಮನಿರು ಅನ್ನುತ್ತಾರೆ.”

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಸುತ್ತಿನ ತೋಟದ ಮನೆಯಾಗಲಿ, ಹಿರಿಯೂರು ಪೇಟೆಯ ಬಾಡಿಗೆ ಮನೆಯಾಗಲಿ, ತಾಯಂದಿರ ಮಾತು ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಅತ್ತೆಯ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ಸೊಸೆಗೆ ಧೈರ್ಯ ಹೇಳುವ ಆಸೆಯಿದೆ. ಆದರೆ ಆ ಧೈರ್ಯದಲ್ಲಿ ಒಂದು ವರ್ಷ ಹೋಗುತ್ತದೆ, ಹರಕೆ ತಾಯಿತಗಳಲ್ಲಿ ಇನ್ನೊಂದು ವರ್ಷ. ಮಗು ಒಂದನೇ ತರಗತಿಯಲ್ಲಿ ಹಿಂದೆ ಬಿದ್ದಾಗಲೇ ಮನೆಯವರು ಗಾಬರಿಯಾಗುತ್ತಾರೆ. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲ ಅಷ್ಟರಲ್ಲಿ ಕಳೆದಿರುತ್ತದೆ.

ಹಾಗಾದರೆ ಯಾವಾಗ ಎಚ್ಚರವಾಗಬೇಕು? ಸಾಮಾನ್ಯವಾಗಿ ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರಬೇಕು, ಒಂದೂವರೆ ವರ್ಷಕ್ಕೆ ನಡೆಯಬೇಕು ಮತ್ತು ನಾಲ್ಕಾರು ಮಾತು ಬರಬೇಕು, ಎರಡು ವರ್ಷಕ್ಕೆ “ಅಮ್ಮ ಬಾ” ಎಂದು ಎರಡು ಪದ ಕೂಡಿಸಬೇಕು. ಸ್ವಲ್ಪ ಹೆಚ್ಚು ಕಡಿಮೆಯಾದ ಮಾತ್ರಕ್ಕೆ ಬುದ್ಧಿಮಾಂದ್ಯವೆಂದು ತಿಳಿಯಬಾರದು. ಎಷ್ಟೋ ಮಕ್ಕಳಿಗೆ ತೊಂದರೆ ಇರುವುದು ಕಿವಿಯಲ್ಲಿ. ಆದ್ದರಿಂದ ಮಾತು ತಡವಾದರೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೇ ಹೆಸರಾದುದು. ಅಷ್ಟು ದೂರ ಹೋಗುವ ಮುನ್ನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ.

ಬುದ್ಧಿಮಾಂದ್ಯವೆಂದರೆ ಹುಚ್ಚಲ್ಲ, ಅಂಟುವ ರೋಗವೂ ಅಲ್ಲ. ಕಲಿಕೆ ನಿಧಾನವಾಗಿರುವುದು, ದಿನನಿತ್ಯದ ಕೆಲಸಗಳಿಗೆ ಹೆಚ್ಚಿನ ನೆರವು ಬೇಕಾಗುವುದು, ಇಷ್ಟೇ. ಹೆರಿಗೆಯಲ್ಲಿ ಮಗು ಉಸಿರುಗಟ್ಟಿರಬಹುದು, ಹುಟ್ಟಿದ ಮೇಲೆ ಕಾಮಾಲೆ ವಿಪರೀತವಾಗಿರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ. ಇದು ಗೊತ್ತಾದದ್ದು 1959ರಲ್ಲಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿಂದ ಕೆಲವು ಅನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ. ಅನೇಕರಲ್ಲಿ ಕಾರಣವೇ ಸಿಕ್ಕುವುದಿಲ್ಲ. ಇದರಲ್ಲಿ ತಾಯಿಯ ಪಾಪವೂ ಇಲ್ಲ, ಗ್ರಹಣದ ದೋಷವೂ ಇಲ್ಲ. ಸೊಸೆಯನ್ನು ದೂರುವುದರಲ್ಲಿ ಕಳೆದ ಹೊತ್ತು ಮೊಮ್ಮಗನಿಗೆ ನಷ್ಟ. ಥೈರಾಯ್ಡ್ ಕೊರತೆಯೊಂದನ್ನು ಮಾತ್ರ ಮರೆಯಬೇಡಿ. ಹುಟ್ಟಿದ ಮೊದಲ ದಿನಗಳಲ್ಲೇ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿ, ಬೇಗ ಮಾತ್ರೆ ಶುರುಮಾಡಿದರೆ ಅದರಿಂದಾಗುವ ಬುದ್ಧಿಮಾಂದ್ಯವನ್ನು ಬಹುಮಟ್ಟಿಗೆ ತಡೆಯಬಹುದು.

ಕಾರಣ ತಿಳಿದರೂ ತಿಳಿಯದಿದ್ದರೂ ಮನೆಯಲ್ಲಿ ಮಾಡಬೇಕಾದ ಕೆಲಸ ಒಂದೇ: ಕಲಿಸುವುದು. ಬುದ್ಧಿ ಬೆಳೆಸುವ ಟಾನಿಕ್ ಯಾವುದೂ ಇಲ್ಲ. ಅದಕ್ಕೆ ಸುರಿಯುವ ಹಣವನ್ನು ಮೊಟ್ಟೆ, ಹಾಲು, ಬೇಳೆಗೆ ಹಾಕಿ. ಇನ್ನೊಂದು ಅಪಾಯ ನಮ್ಮ ಕನಿಕರದಲ್ಲೇ ಇದೆ. “ಪಾಪ, ಅವನಿಗೇನು ತಿಳಿಯುತ್ತೆ” ಎಂದು ಅಜ್ಜಿ ಏಳು ವರ್ಷದವರೆಗೂ ತುತ್ತಿಡುತ್ತಾಳೆ, ಅಕ್ಕ ಗುಂಡಿ ಹಾಕುತ್ತಾಳೆ. ಹುಡುಗನಿಗೆ ಕೈ ಇದ್ದೂ ಕೆಲಸ ಬಾರದಂತಾಗುತ್ತದೆ.

ಕಲಿಸುವ ಬಗೆ ಸುಲಭ. ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆಯಿರಿ, ಕೊನೆಯ ತುಂಡನ್ನು ಮೊದಲು ಕಲಿಸಿ. ಬನಿಯನ್ ಹಾಕುವಾಗ ತಲೆಯನ್ನೂ ತೋಳುಗಳನ್ನೂ ನೀವೇ ತೂರಿಸಿ ಹೊಟ್ಟೆಯವರೆಗೆ ಎಳೆದುಬಿಡಿ. ಕೊನೆಯ ಗೇಣನ್ನು ಮಗು ಎಳೆದುಕೊಳ್ಳಲಿ. “ಭಲೇ, ನೀನೇ ಹಾಕಿಕೊಂಡೆ!” ಎಂದು ಆ ಕ್ಷಣವೇ ಹೊಗಳಿ. ವಾರ ಕಳೆದ ಮೇಲೆ ಎದೆಯಿಂದ ಎಳೆಯಲಿ, ಆಮೇಲೆ ತೋಳು ತೂರಿಸಲಿ. ಊಟದಲ್ಲೂ ಹೀಗೆಯೇ. ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತನ್ನು ಅವನ ಕೈಗೆ ಕೊಟ್ಟು, ಆ ಕೈಯ ಮೇಲೆ ನಿಮ್ಮ ಕೈಯಿಟ್ಟು ಬಾಯಿವರೆಗೆ ಒಯ್ಯಿರಿ. ದಿನದಿನಕ್ಕೂ ನಿಮ್ಮ ಹಿಡಿತ ಸಡಿಲವಾಗಲಿ. ಚೆಲ್ಲಿದರೆ ಚೆಲ್ಲಲಿ, ನೆಲ ಒರೆಸಿದರಾಯಿತು.

ಒಂದು ಸಲಕ್ಕೆ ಒಂದೇ ಮಾತು ಹೇಳಿ. ಇಂದು “ಚೊಂಬು” ಅಂದದ್ದನ್ನು ನಾಳೆ “ಪಾತ್ರೆ” ಅನ್ನಬೇಡಿ. ಆಟಿಕೆ ಕೊಳ್ಳಲು ಪೇಟೆಗೆ ಹೋಗಬೇಕಿಲ್ಲ. ಮೆಕ್ಕೆಜೋಳದ ತೆನೆ ಒಂದು ಬುಟ್ಟಿಗೆ, ತೆಂಗಿನಕಾಯಿ ಇನ್ನೊಂದಕ್ಕೆ ಹಾಕಿಸಿ; ಬೇರ್ಪಡಿಸುವ ಪಾಠ ಅಲ್ಲೇ ಆಯಿತು. ಹೊಡೆಯಬೇಡಿ. ಹೊಡೆತದಿಂದ ಮಗು ಹೆದರಿಕೆಯನ್ನು ಕಲಿಯುತ್ತದೆ, ಕೆಲಸವನ್ನಲ್ಲ.

ಶಾಲೆಯ ಬಾಗಿಲೂ ಈ ಮಕ್ಕಳಿಗೆ ಮುಚ್ಚಿಲ್ಲ. ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಇವರ ಹಕ್ಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ವಿದ್ಯಾರ್ಥಿಗಳೇ, ಅಂಥ ಹುಡುಗ ನಿಮ್ಮ ಬೆಂಚಿಗೆ ಬಂದರೆ “ಪೆದ್ದ” ಎಂದು ಕರೆಯಬೇಡಿ. ಚೆಂಡು ಅವನ ಕಡೆಗೂ ಒಂದು ಸಲ ಬರಲಿ. ಎಷ್ಟೋ ಮಾತುಗಳನ್ನು ಮಕ್ಕಳು ದೊಡ್ಡವರಿಗಿಂತ ಜೊತೆಯ ಮಕ್ಕಳಿಂದಲೇ ಬೇಗ ಕಲಿಯುತ್ತಾರೆ.

“ನಮ್ಮ ನಂತರ ಇವನಿಗೆ ಯಾರು?” ತಂದೆತಾಯಿಯರ ನಿದ್ದೆ ಕೆಡಿಸುವ ಪ್ರಶ್ನೆ ಇದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ, ಹದಿನೆಂಟು ತುಂಬಿದ ಮೇಲೂ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ಅದು ಕಾಗದದ ಉತ್ತರ, ಅದೂ ಬೇಕು. ಆದರೆ ತಾನೇ ಉಂಡು, ತಾನೇ ಸ್ನಾನ ಮಾಡಿ, ಬಟ್ಟೆ ತೊಟ್ಟು, ಅಂಗಡಿಗೆ ಹೋಗಿ ಬರಬಲ್ಲ ಮಗನನ್ನು ಅಣ್ಣತಮ್ಮಂದಿರು ಹೊರೆಯೆಂದು ಕಾಣುವುದು ಕಡಿಮೆ. ಆ ದಿನಕ್ಕೆ ಇಂದಿನಿಂದಲೇ ದುಡಿಯಬೇಕು. ನಾಳೆ ಬೆಳಿಗ್ಗೆ ಬನಿಯನ್ ತೊಡಿಸುವಾಗ ಕೊನೆಯ ಗೇಣಿನಲ್ಲಿ ಕೈ ಬಿಡಿ.